ಬೆನ್ನ ಗಾಳಿಯ ತಿರುವು

ನೇರವಾಗಿ ಓಡುವಾಗ ಎಲ್ಲ ಸವಾರರೂ ಒಂದೇ. ಅವರವರ ಯೋಗ್ಯತೆ ಬಯಲಾಗುವುದು ತಿರುವಿನಲ್ಲಿ. ಕುದುರೆಯಾಗಲಿ, ಬೈಸಿಕಲ್ಲಾಗಲಿ, ಎತ್ತಿನ ಬಂಡಿಯಾಗಲಿ ಈ ಮಾತಿಗೆ ಹೊರತಲ್ಲ. ಈ ಸತ್ಯವನ್ನು ಕಣ್ಣಾರೆ ಕಾಣಬೇಕೆನ್ನುವವರು ಬೇಸಗೆಯ ಒಂದು ಮಧ್ಯಾಹ್ನ ಅಮೆರಿಕದ ವಾಯವ್ಯ ಭಾಗದಲ್ಲಿರುವ ಕೊಲಂಬಿಯಾ ನದಿಯ ದಡದಲ್ಲಿ ಅರ್ಧ ಗಂಟೆ ಕುಳಿತರೆ ಸಾಕು.

ಆರಿಗನ್ ರಾಜ್ಯದ ಹುಡ್ ರಿವರ್ ಎಂಬ ಪುಟ್ಟ ಪಟ್ಟಣದ ಮುಂದೆ ಆ ನದಿ ಒಂದು ಕಿಲೋಮೀಟರಿಗೂ ಮಿಕ್ಕು ಅಗಲವಾಗಿ ಹರಿಯುತ್ತದೆ. ಅದರ ಮೇಲೆ ಜಾತ್ರೆಯ ಬಾವುಟಗಳಂತೆ ಬಣ್ಣಬಣ್ಣದ ಹಾಯಿಗಳು ಈ ದಡದಿಂದ ಆ ದಡಕ್ಕೂ ಆ ದಡದಿಂದ ಈ ದಡಕ್ಕೂ ಬಾಣದಂತೆ ಸುಳಿದಾಡುತ್ತಿರುತ್ತವೆ. ಒಂದೊಂದು ಹಾಯಿಯ ಕೆಳಗೂ ಒಂದು ಕಿರಿದಾದ ಹಲಗೆ. ಹಲಗೆಯ ಮೇಲೆ, ಹಾಯಿಯ ಅಡ್ಡಗೋಲನ್ನು ಹಿಡಿದು ಹಿಂದಕ್ಕೆ ಜೋತುಬಿದ್ದ ಒಬ್ಬ ಸವಾರ. ಕುಳಿತುಕೊಳ್ಳಲು ದೋಣಿಯಿಲ್ಲ, ದಿಕ್ಕು ತಿರುಗಿಸಲು ಚುಕ್ಕಾಣಿಯಿಲ್ಲ, ನೂಕಲು ಯಂತ್ರವಿಲ್ಲ. ಇದೇ ವಿಂಡ್‌ಸರ್ಫಿಂಗ್ ಎಂಬ ಜಲಕ್ರೀಡೆ.

ಇವರಲ್ಲಿ ಹಳಬರು ಯಾರು, ಹೊಸಬರು ಯಾರು ಎಂಬುದನ್ನು ನದಿಯ ನಡುವೆ ಗುರುತಿಸುವುದು ಕಷ್ಟ. ಆದರೆ ದಡ ಹತ್ತಿರವಾಯಿತೆಂದರೆ ಗುಟ್ಟು ರಟ್ಟಾಗುತ್ತದೆ. ಒಬ್ಬನು ಕುಡುಗೋಲಿನ ಬಾಗಿನಂತೆ ನೀರಿನ ಮೇಲೆ ಒಂದು ಕಮಾನು ಬರೆದು, ಬಂದ ವೇಗದಲ್ಲಿಯೇ ಮರಳಿ ಹೊರಟುಬಿಡುತ್ತಾನೆ. ಅವನ ಹಿಂದೆಯೇ ಬಂದವನು ಅರ್ಧ ತಿರುಗುವಷ್ಟರಲ್ಲಿ ತಡವರಿಸಿ, ಹಾಯಿಯ ಸಮೇತ ನೀರಿಗೆ ಬೀಳುತ್ತಾನೆ. ಎದ್ದು ಸಾವರಿಸಿಕೊಂಡು ಹೊರಟು, ಇನ್ನೊಂದು ದಡದಲ್ಲಿ ಮತ್ತೆ ಬೀಳುತ್ತಾನೆ. ಹೀಗೆ ಬೀಳುತ್ತಲೇ ಬೇಸಗೆಗಳನ್ನು ಕಳೆದವರು ಬಹಳ ಮಂದಿ. ಅವರನ್ನು ಬೀಳಿಸುವ ಆ ತಿರುವಿಗೆ ‘ಜೈಬ್’ ಎಂದು ಹೆಸರು. ಬೆನ್ನಿಗೆ ಗಾಳಿಯನ್ನು ಹಾಕಿಕೊಂಡು ತಿರುಗುವ ಈ ವಿದ್ಯೆಯನ್ನು ಸಾಧಿಸಿಕೊಂಡವನೇ ನಿಜವಾದ ಸವಾರನೆಂದು ಆ ವಲಯದಲ್ಲಿ ಲೆಕ್ಕ.

ಗಾಳಿಯ ಊರು

ಹುಡ್ ರಿವರ್ ಪಟ್ಟಣಕ್ಕೆ ಇಷ್ಟು ಗಾಳಿ ಎಲ್ಲಿಂದ ಬಂದಿತು? ಉತ್ತರ ದಕ್ಷಿಣವಾಗಿ ಹಬ್ಬಿದ ಕ್ಯಾಸ್ಕೇಡ್ ಪರ್ವತಶ್ರೇಣಿಯನ್ನು ಕೊಲಂಬಿಯಾ ನದಿ ಸೀಳಿಕೊಂಡು ಹೋಗಿದೆ. ಆ ಕಣಿವೆ ಸುಮಾರು 130 ಕಿಲೋಮೀಟರ್ ಉದ್ದವಿದ್ದು, ಕೆಲವೆಡೆ 1200 ಮೀಟರಿನಷ್ಟು ಆಳವಾಗಿದೆ. ಪರ್ವತದ ಪಶ್ಚಿಮಕ್ಕೆ ಶಾಂತಸಾಗರದ ತಂಪು ಗಾಳಿ. ಪೂರ್ವಕ್ಕೆ ಬಿಸಿಲಿನಲ್ಲಿ ಬೇಯುವ ಒಣ ಪ್ರಸ್ಥಭೂಮಿ. ಬೇಸಗೆಯಲ್ಲಿ ಪೂರ್ವದ ನೆಲ ಕಾದು ಅಲ್ಲಿಯ ಗಾಳಿ ಹಗುರವಾಗಿ ಮೇಲೇರಿದಾಗ, ಪಶ್ಚಿಮದ ತಂಪು ಗಾಳಿ ಆ ತೆರವನ್ನು ತುಂಬಲು ಧಾವಿಸುತ್ತದೆ. ಪರ್ವತಗಳ ನಡುವೆ ಅದಕ್ಕೆ ಸಿಕ್ಕುವ ಹೆಬ್ಬಾಗಿಲು ಈ ಕಣಿವೆ. ಕಿರಿದಾದ ಕೊಳವೆಯಲ್ಲಿ ನೀರು ರಭಸಗೊಳ್ಳುವಂತೆ ಗಾಳಿಯೂ ಇಲ್ಲಿ ರಭಸಗೊಳ್ಳುತ್ತದೆ.

ಇನ್ನೊಂದು ವಿಶೇಷವಿದೆ. ನದಿ ಹರಿಯುವುದು ಪಶ್ಚಿಮಕ್ಕೆ, ಸಮುದ್ರದ ಕಡೆಗೆ; ಬೇಸಗೆಯ ಗಾಳಿ ಬೀಸುವುದು ಪೂರ್ವಕ್ಕೆ. ಎರಡೂ ಎದುರುಬದುರಾದ್ದರಿಂದ ನದಿಯ ಮೇಲೆ ಸಮುದ್ರದಂತಹ ತೆರೆಗಳೇಳುತ್ತವೆ. ನೀರಿಗೆ ಬಿದ್ದವನನ್ನು ಗಾಳಿ ಒಂದು ಕಡೆಗೆ ತಳ್ಳಿದರೆ ಪ್ರವಾಹ ಇನ್ನೊಂದು ಕಡೆಗೆ ಎಳೆಯುತ್ತದೆ. ಮರದ ವ್ಯಾಪಾರಕ್ಕೂ ಪೇರ್, ಸೇಬುಗಳ ತೋಟಗಳಿಗೂ ಹೆಸರಾಗಿದ್ದ ಊರು 1980ರ ದಶಕದಲ್ಲಿ ಹಾಯಿಹಲಗೆಯವರ ಯಾತ್ರಾಸ್ಥಳವಾಯಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಆ ಊರಿನವರಷ್ಟು ಅಕ್ಷರಶಃ ಪಾಲಿಸಿದವರು ವಿರಳ.

ಚುಕ್ಕಾಣಿಯಿಲ್ಲದ ನಾವೆ

ಈ ಆಟ ಬಹಳ ಹಳೆಯದೇನಲ್ಲ. ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ 1964ರಲ್ಲಿ ಹಲಗೆಯೊಂದಕ್ಕೆ ಗಾಳಿಪಟದಾಕಾರದ ಹಾಯಿಯನ್ನು ಜೋಡಿಸಿ ನೀರಿಗಿಳಿದನು. ಮರುವರ್ಷ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಅದರ ವಿವರಗಳನ್ನು ಪ್ರಕಟಿಸಿದನು. ಕ್ಯಾಲಿಫೋರ್ನಿಯಾದಲ್ಲಿ ವಿಮಾನ ವಿಜ್ಞಾನದ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಅವನ ಸ್ನೇಹಿತ ಹಾಯ್ಲ್ ಶ್ವೈಟ್ಜರ್ 1967ರಲ್ಲಿ ತಮ್ಮ ಹಲಗೆಯನ್ನು ಪ್ರಯೋಗಿಸಿ, 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1970ರಲ್ಲಿ ಅದನ್ನು ಪಡೆದರು. ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಬಾಲಕನಾಗಿದ್ದಾಗ 1958ರಲ್ಲಿಯೇ ಇಂತಹುದೊಂದನ್ನು ಕಟ್ಟಿ ಓಡಿಸಿದ್ದನೆಂಬ ಸಂಗತಿಯನ್ನು ಅಲ್ಲಿಯ ನ್ಯಾಯಾಲಯ ಎತ್ತಿಹಿಡಿಯಿತು. ಒಂದೇ ಯೋಚನೆ ದೂರದೂರದ ಹಲವರ ತಲೆಯಲ್ಲಿ ಹೊಳೆದುದು ಸೋಜಿಗವೇ ಸರಿ.

ಡ್ರೇಕ್ ಮತ್ತು ಶ್ವೈಟ್ಜರ್ ಅವರ ಹಲಗೆಯ ಜೀವಾಳವೆಂದರೆ ಹಾಯಿಯ ಕೂವೆಮರವನ್ನು ಹಲಗೆಗೆ ಸೇರಿಸುವ ಗಿಣ್ಣು. ಅದು ಎಲ್ಲ ದಿಕ್ಕಿಗೂ ಬಾಗುತ್ತದೆ, ಎಲ್ಲ ದಿಕ್ಕಿಗೂ ತಿರುಗುತ್ತದೆ. ಆದ್ದರಿಂದ ಹಾಯಿಯನ್ನು ನಿಲ್ಲಿಸಿ ಹಿಡಿಯುವ ಕಂಬವೂ ಸವಾರನೇ, ಹಗ್ಗವೂ ಸವಾರನೇ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರಕ್ಕೆ ಸರಿಯುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಚುಕ್ಕಾಣಿಯ ಕೆಲಸವನ್ನು ಹಾಯಿಯೇ ಮಾಡುತ್ತದೆ. ವೇಗ ಹೆಚ್ಚಿ ಹಲಗೆ ನೀರಿನ ಮೇಲ್ಮೈಯನ್ನು ಸವರಿಕೊಂಡು ಹಾರತೊಡಗಿದ ಮೇಲಂತೂ ಹಲಗೆಯ ಅಂಚನ್ನು ಪಾದದಿಂದ ಒತ್ತಿದರೆ ಸಾಕು, ಅದು ಆ ಕಡೆಗೆ ಬಾಗಿ ತಿರುಗುತ್ತದೆ.

ಹಾಯಿಯ ನಾವೆ ದಿಕ್ಕು ಬದಲಿಸಲು ಎರಡೇ ಮಾರ್ಗಗಳಿವೆ. ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ತಿರುಗುವುದು ಒಂದು. ಇದನ್ನು ‘ಟ್ಯಾಕ್’ ಎನ್ನುತ್ತಾರೆ. ಹಿಂಬದಿಯನ್ನು ಗಾಳಿಗೆ ಕೊಟ್ಟು ತಿರುಗುವುದು ಇನ್ನೊಂದು, ಅದೇ ಜೈಬ್. ಎರಡನೆಯ ಮಾರ್ಗ ಅರಬ್ಬೀ ಸಮುದ್ರದ ನಾವಿಕರಿಗೆ ಚಿರಪರಿಚಿತ. ಮಂಗಳೂರಿನ ಹೆಂಚುಗಳನ್ನು ಹೊತ್ತು ಹೋಗುತ್ತಿದ್ದ ಪತ್ತೇಮಾರಿಗಳಂತಹ ನಾವೆಗಳಲ್ಲಿ ತ್ರಿಕೋನವನ್ನು ಹೋಲುವ ದೊಡ್ಡ ಹಾಯಿಯನ್ನು ಒಂದು ಓರೆಯಾದ ಉದ್ದನೆಯ ತೊಲೆಗೆ ಕಟ್ಟಿರುತ್ತಿದ್ದರು. ಗಾಳಿಗೆ ಎದುರಾಗಿ ತಿರುಗಿದರೆ ಆ ಹಾಯಿ ಕೂವೆಮರಕ್ಕೆ ಅಪ್ಪಳಿಸಿ ಸಿಕ್ಕಿಕೊಳ್ಳುವ ಭಯ. ಆದುದರಿಂದ ಅವರು ಬೆನ್ನಿಗೆ ಗಾಳಿ ಕೊಟ್ಟು, ಹಾಯಿಯನ್ನು ಕೂವೆಮರದ ಮುಂಭಾಗದಿಂದ ಬಳಸಿ ಇನ್ನೊಂದು ಪಕ್ಕಕ್ಕೆ ತರುತ್ತಿದ್ದರು. ಹಾಯಿಹಲಗೆಯ ಜೈಬಿನಲ್ಲಿಯೂ ಹಾಯಿ ಮೂತಿಯ ಮೇಲಿಂದಲೇ ಸುತ್ತಿಕೊಂಡು ಬರುತ್ತದೆ. ಹತ್ತಾರು ಜನ ಖಲಾಸಿಗಳು ಕೂಡಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಬ್ಬನೇ, ಅದೂ ಕಂಪಿಸುವ ಹಲಗೆಯ ಮೇಲೆ ನಿಂತು, ಕೆಲವೇ ಕ್ಷಣಗಳಲ್ಲಿ ಮಾಡಿ ಮುಗಿಸಬೇಕು.

ಮೊದಮೊದಲಿನ ಹಲಗೆಗಳಲ್ಲಿ ಇದು ಅಷ್ಟು ಕಠಿಣವಾಗಿರಲಿಲ್ಲ. ಅವು ಮೂರೂವರೆ ಮೀಟರಿಗಿಂತ ಉದ್ದವಾಗಿದ್ದು, ನಿಂತಲ್ಲಿಯೇ ಸವಾರನ ಭಾರವನ್ನು ತಾಳುತ್ತಿದ್ದವು. ನಿಧಾನವಾಗಿ ಹಿಂದೆ ಸರಿದು, ಹಾಯಿಯನ್ನು ಸಾವಕಾಶವಾಗಿ ತಿರುಗಿಸಿದರೂ ನಡೆಯುತ್ತಿತ್ತು. 1970ರ ದಶಕದ ಕೊನೆಯಲ್ಲಿ ಹವಾಯಿ ದ್ವೀಪಗಳ ಸಾಹಸಿಗಳು ಹಲಗೆಗೆ ಪಾದಪಟ್ಟಿಗಳನ್ನು ಜೋಡಿಸಿದರು. ಪಾದಗಳು ಭದ್ರವಾದ ಮೇಲೆ ವೇಗ ಹೆಚ್ಚಿತು; ವೇಗ ಹೆಚ್ಚಿದ ಮೇಲೆ ಹಲಗೆಗಳು ಕಿರಿದಾದವು. ಕೆಲವಂತೂ ಓಡುತ್ತಿದ್ದರೆ ಮಾತ್ರ ತೇಲುವ, ನಿಂತರೆ ಸವಾರನೊಡನೆ ಮುಳುಗುವ ಹಲಗೆಗಳು. ಇವುಗಳ ಮೇಲೆ ನಿಧಾನದ ತಿರುವು ಎಂಬ ಮಾತೇ ಇಲ್ಲ. ತಿರುವು ಕೆಟ್ಟರೆ ಸ್ನಾನ ಖಂಡಿತ.

ವೇಗವೇ ರಕ್ಷೆ

ಇಲ್ಲಿಯೇ ಈ ವಿದ್ಯೆಯ ಮರ್ಮವಿದೆ; ಕಲಿಯುವವರು ಎಡವುವುದೂ ಇಲ್ಲಿಯೇ. ತಿರುವು ಹತ್ತಿರವಾದಾಗ ವೇಗವನ್ನು ತಗ್ಗಿಸಬೇಕೆಂಬುದು ಮನುಷ್ಯನ ಸಹಜ ಬುದ್ಧಿ. ರಸ್ತೆಯ ಮೇಲೆ ಅದು ವಿವೇಕ. ಜೈಬಿನಲ್ಲಿ ಅದೇ ಅವಿವೇಕ. ಇದು ವಿರೋಧಾಭಾಸದ ಮಾತಾಗಿ ಕಂಡರೂ ಲೆಕ್ಕ ಹಾಕಿ ನೋಡಿದರೆ ನಿಜವೆಂದು ತಿಳಿಯುತ್ತದೆ.

ಗಾಳಿ ಬೀಸುವ ದಿಕ್ಕಿಗೇ ಬೈಸಿಕಲ್ ತುಳಿಯುವವನಿಗೆ, ಅವನ ವೇಗ ಗಾಳಿಯ ವೇಗಕ್ಕೆ ಸಮನಾದಾಗ, ಗಾಳಿಯೇ ಇಲ್ಲದಂತೆ ಭಾಸವಾಗುತ್ತದೆ. ಹಾಯಿಗೂ ಹಾಗೆಯೇ. ಗಾಳಿ ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆಯೆಂದು ಇಟ್ಟುಕೊಳ್ಳೋಣ. ಗಾಳಿಗೆ ಅಡ್ಡಲಾಗಿ ಓಡುವ ಒಳ್ಳೆಯ ಹಲಗೆ ಗಾಳಿಗಿಂತಲೂ ವೇಗವಾಗಿ ಓಡಬಲ್ಲದು. ಸವಾರನು ಆ ವೇಗವನ್ನು ಉಳಿಸಿಕೊಂಡು ತಿರುವಿನೊಳಕ್ಕೆ ಹೊಕ್ಕು, ಗಾಳಿಯ ದಿಕ್ಕಿಗೇ ಮುಖ ಮಾಡಿದಾಗ ಗಂಟೆಗೆ 28 ಕಿಲೋಮೀಟರಿನಂತೆ ಓಡುತ್ತಿದ್ದರೆ, ಅವನ ಹಾಯಿಗೆ ತಗಲುವ ಗಾಳಿ ಕೇವಲ 4 ಕಿಲೋಮೀಟರಿನದು. ಅದು ಮಂದಮಾರುತ. ಆಗ ಹಾಯಿ ಹೂವಿನಷ್ಟು ಹಗುರ. ಎರಡು ಬೆರಳುಗಳಿಂದ ತಿರುಗಿಸಬಹುದು.

ಅದೇ ಸವಾರನು ಹೆದರಿ, ಗಂಟೆಗೆ 12 ಕಿಲೋಮೀಟರಿಗೆ ಇಳಿದನೆನ್ನಿ. ಈಗ ಅವನ ಬೆನ್ನ ಹಿಂದಿನಿಂದ 20 ಕಿಲೋಮೀಟರಿನ ಗಾಳಿ ಹಾಯಿಗೆ ಬಡಿಯುತ್ತದೆ. ಮೊದಲಿನ ಐದರಷ್ಟು ಗಾಳಿ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಅದರ ಸೆಳೆತ ಇಪ್ಪತ್ತೈದರಷ್ಟು! ಹಾಯಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಇಲ್ಲವೆ ಸವಾರನನ್ನೇ ಮೂತಿಯ ಮೇಲಿಂದ ಮುಂದಕ್ಕೆ ಎಸೆಯುತ್ತದೆ. ಆತ ದಡಕ್ಕೆ ಬಂದು, ‘ಇನ್ನು ಮುಂದೆ ಮತ್ತಷ್ಟು ನಿಧಾನವಾಗಿ ತಿರುಗಬೇಕು’ ಎಂದು ನಿಶ್ಚಯಿಸುತ್ತಾನೆ. ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಭ್ರಮಿಸುತ್ತಾನೆ. ವರ್ಷಗಟ್ಟಲೆ ಬೀಳುವವರ ಕಥೆ ಬಹುಮಟ್ಟಿಗೆ ಇಷ್ಟೇ.

ಕಾಲು, ಕಣ್ಣು, ಕೈ

ವೇಗವೊಂದಿದ್ದರೆ ಸಾಲದು, ಅದನ್ನು ತಿರುವಿನುದ್ದಕ್ಕೂ ಕಾಪಾಡಿಕೊಳ್ಳಬೇಕು. ಅದಕ್ಕೆ ಅಂಗಾಂಗಗಳು ಒಂದು ಕ್ರಮದಲ್ಲಿ ಕೆಲಸ ಮಾಡಬೇಕಾಗುತ್ತದೆ. ಹೊಸಬರು ಕೈಗಳಿಂದ ತಿರುಗಲು ಯತ್ನಿಸುತ್ತಾರೆ. ಬಲ್ಲವರು ಕಾಲಿನಿಂದ ತಿರುಗಿ, ಕಣ್ಣಿನಿಂದ ದಾರಿ ಹಿಡಿದು, ಕೊನೆಗೆ ಕೈಗಳಿಗೆ ಕೆಲಸ ಕೊಡುತ್ತಾರೆ.

ತಿರುವಿಗೆ ಮುನ್ನ ಸವಾರನು ಸುತ್ತ ನೋಡಿ, ಹತ್ತಿರದಲ್ಲಿ ಬೇರೆ ಹಲಗೆಗಳಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ತೆರೆಗಳು ಕಡಮೆಯಿರುವ ನಯವಾದ ನೀರಿನ ಒಂದು ತುಣುಕನ್ನು ಆರಿಸಿಕೊಳ್ಳಬೇಕು. ಸೊಂಟಪಟ್ಟಿಯ ಕೊಕ್ಕೆಯನ್ನು ಹಾಯಿಯ ಹುರಿಯಿಂದ ಬಿಡಿಸಬೇಕು. ಆಗ ಹಾಯಿಯನ್ನು ಸಡಿಲಿಸಬಾರದು; ಸಡಿಲಿಸಿದರೆ ಅಲ್ಲಿಯೇ ವೇಗ ಸೋರಿಹೋಗುತ್ತದೆ. ಹಿಂದಿನ ಕೈಯನ್ನು ಅಡ್ಡಗೋಲಿನ ಮೇಲೆ ಇನ್ನೂ ಹಿಂದಕ್ಕೆ ಸರಿಸಿಕೊಳ್ಳಬೇಕು. ಹಾಯಿ ಹತೋಟಿಯಲ್ಲಿರಲು ಇದು ಅತ್ಯಗತ್ಯ. ಬಳಿಕ ಹಿಂದಿನ ಪಾದವನ್ನು ಪಟ್ಟಿಯಿಂದ ಹೊರತೆಗೆದು, ಹಲಗೆಯ ಆಚೆಯ ಅಂಚಿನ ಮೇಲೆ, ಅಂದರೆ ಗಾಳಿ ಹೋಗುವ ಕಡೆಯ ಅಂಚಿನ ಮೇಲೆ, ಮೆತ್ತಗೆ ಇಡಬೇಕು.

ಇನ್ನು ತಿರುವು. ಹಾಯಿಯನ್ನು ಮುಂದಕ್ಕೂ ತಿರುವಿನ ಒಳಮೈಗೂ ಬಾಗಿಸಿ, ಮೊಣಕಾಲುಗಳನ್ನು ಮಡಿಸಿ, ಹಿಂದಿನ ಪಾದದ ಬೆರಳುಗಳಿಂದ ಅಂಚನ್ನು ಒತ್ತಬೇಕು. ಒತ್ತುವುದೆಂದರೆ ತುಳಿಯುವುದಲ್ಲ. ಹಾಲು ಕರೆಯುವವನು ಕೆಚ್ಚಲನ್ನು ಹಿಡಿಯುವಂತೆ ಒಂದೇ ಸಮನಾದ, ಅಳುಕಿಲ್ಲದ ಒತ್ತಡ. ತಟ್ಟನೆ ತುಳಿದರೆ ಹಲಗೆ ಪುಟಿಯುತ್ತದೆ. ಒತ್ತಿ ಬಿಟ್ಟು ಮತ್ತೆ ಒತ್ತಿದರೆ ಕಮಾನು ಮುರಿದು ಮೂಲೆಮೂಲೆಯಾಗುತ್ತದೆ. ತೋಳುಗಳು ಅಡ್ಡಗೋಲನ್ನು ಕೆಳಮುಖವಾಗಿ ಎಳೆಯುತ್ತಿರಬೇಕು. ಹಾಗೆ ಎಳೆದಾಗ ಮೈಭಾರ ಕೂವೆಮರದ ಬುಡಕ್ಕೆ ಇಳಿದು, ಹಲಗೆಯ ಮೂತಿ ನೀರಿಗೆ ಸಮನಾಗಿ ಉಳಿಯುತ್ತದೆ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಬಾಲ ಮುಳುಗಿ, ಮೂತಿ ಮೇಲೆದ್ದು, ಹಲಗೆ ನಿಂತುಬಿಡುತ್ತದೆ.

ಕಣ್ಣಿನ ಕೆಲಸ ಇದಕ್ಕಿಂತ ಕಿರಿದಲ್ಲ. ಬೈಸಿಕಲ್ ಕಲಿಯುವವನು ಕಲ್ಲನ್ನೇ ನೋಡುತ್ತ ಹೋಗಿ ಕಲ್ಲಿಗೇ ಹಾಯುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿಯೂ ದೃಷ್ಟಿ ಹೋದ ಕಡೆಗೆ ತಲೆ, ತಲೆ ಹೋದ ಕಡೆಗೆ ಭುಜ, ಭುಜ ಹೋದ ಕಡೆಗೆ ಹಲಗೆ. ಪಾದಗಳನ್ನು ನೋಡುತ್ತ ನಿಂತವನ ಮೈ ಕುಗ್ಗಿ, ಅವನ ನೋಟ ಬಿದ್ದ ನೀರಿಗೇ ಅವನೂ ಬೀಳುತ್ತಾನೆ. ಆದುದರಿಂದ ತಿರುವಿನ ಆರಂಭದಿಂದಲೂ ಅದರ ಕೊನೆಯಲ್ಲಿ ತಾನು ಹೊರಬೀಳಬೇಕಾದ ಸ್ಥಳದ ಮೇಲೆ ಕಣ್ಣಿಟ್ಟಿರಬೇಕು.

ಮೂತಿ ಗಾಳಿಯ ದಿಕ್ಕನ್ನು ದಾಟುವ ಹೊತ್ತಿಗೆ ಹಾಯಿಯ ಸೆಳೆತ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಅದೇ ಶುಭಮುಹೂರ್ತ. ಮುಂದಿನ ಪಾದದ ಹಿಮ್ಮಡಿಯನ್ನು ತಿರುಚಿ ಪಟ್ಟಿಯಿಂದ ಬಿಡಿಸಿ ಹಿಂದಕ್ಕೆ ತರಬೇಕು. ಹಿಂದಿನ ಪಾದವನ್ನು ಮುಂದಕ್ಕೆ ಇಡಬೇಕು. ಬೆಕ್ಕಿನ ಹೆಜ್ಜೆಯಂತೆ ಹಗುರವಾಗಿ ಇದು ನಡೆಯಬೇಕು. ಪಾದಗಳು ಬದಲಾದ ಮೇಲೆ ಕೈಗಳ ಸರದಿ. ಮುಂದಿನ ಕೈಯನ್ನು ಕೂವೆಮರದ ಹತ್ತಿರಕ್ಕೆ ಸರಿಸಿ, ಹಿಂದಿನ ಕೈಯನ್ನು ಬಿಟ್ಟುಬಿಟ್ಟರೆ, ತಿರುಗಣಿಯ ಮೇಲೆ ಬಾಗಿಲು ತಿರುಗುವಂತೆ ಹಾಯಿ ತಾನಾಗಿ ಮೂತಿಯ ಮೇಲಿಂದ ಸುತ್ತಿ ಬರುತ್ತದೆ. ಕೂವೆಮರವನ್ನು ಮುಖದ ಮುಂದಿನಿಂದ ಆಚೆಗೆ ದಾಟಿಸಿ, ಹೊಸ ಪಕ್ಕದ ಅಡ್ಡಗೋಲನ್ನು ಹಿಡಿದು, ಹಾಯಿಯನ್ನು ಒಳಕ್ಕೆ ಸೆಳೆದುಕೊಂಡರೆ ತಿರುವು ಮುಗಿಯಿತು. ಓದಲು ಇಷ್ಟು ಹೊತ್ತು ಹಿಡಿದರೂ ನೀರಿನ ಮೇಲೆ ಇದೆಲ್ಲ ಕೆಲವೇ ಉಸಿರುಗಳ ಕೆಲಸ.

ಬೀಳುವವರ ಬಗೆಗಳು

ಬೀಳುವವರಲ್ಲಿ ಹಲವು ಬಗೆ. ಮೊದಲನೆಯವನು ಕಂಬದಂತೆ ನೆಟ್ಟಗೆ ನಿಂತವನು. ಮೊಣಕಾಲುಗಳು ಮಡಿಯದಿದ್ದರೆ ಒಂದೊಂದು ತೆರೆಯ ಪೆಟ್ಟೂ ನೇರವಾಗಿ ಸೊಂಟಕ್ಕೆ ತಗಲಿ ಸಮತೋಲ ಕೆಡುತ್ತದೆ. ಎರಡನೆಯವನು ಅಡ್ಡಗೋಲನ್ನು ಮುಳುಗುವವನು ಹುಲ್ಲುಕಡ್ಡಿಯನ್ನು ಹಿಡಿದಂತೆ ಬಿಗಿಹಿಡಿದವನು. ಹಾಯಿಯನ್ನು ಬಿಟ್ಟರಲ್ಲವೆ ಅದು ಸುತ್ತುವುದು! ಇವನ ಭಯ ಹಾಯಿಗೆ ತಿರುಗಲು ಎಡೆಯನ್ನೇ ಕೊಡುವುದಿಲ್ಲ. ಮೂರನೆಯವನು ತಡಮಾಡುವವನು. ಸೆಳೆತ ಇಲ್ಲವಾದ ಆ ಒಂದು ಕ್ಷಣವನ್ನು ಕಳೆದುಕೊಂಡರೆ, ಹಲಗೆಯ ವೇಗ ತಗ್ಗಿದಂತೆಲ್ಲ ಗಾಳಿ ಮತ್ತೆ ಹಾಯಿಯನ್ನು ಹಿಡಿಯುತ್ತದೆ. ನಾಲ್ಕನೆಯವನು ಅವಸರದವನು, ಕಮಾನು ಅರ್ಧವಾಗುವ ಮೊದಲೇ ಹಾಯಿಯನ್ನು ತಿರುಗಿಸಿ, ಅಂಚಿನ ಮೇಲಿನ ಒತ್ತಡವನ್ನು ಮರೆತುಬಿಡುತ್ತಾನೆ. ಹಲಗೆ ತಿರುಗುವುದನ್ನು ನಿಲ್ಲಿಸಿ ನೇರವಾಗಿ ಹೋಗುತ್ತದೆ. ಸವಾರ ಮಾತ್ರ ತಿರುಗುತ್ತಾನೆ.

ಐದನೆಯ ಬಗೆಯವನು ಎಲ್ಲ ಊರುಗಳಲ್ಲಿಯೂ ಇದ್ದಾನೆ. ಕುಣಿಯಲಾರದವಳು ನೆಲ ಡೊಂಕೆಂದಂತೆ, ಇವನು ಬಿದ್ದಾಗಲೆಲ್ಲ ಹಲಗೆಯನ್ನು ದೂರುತ್ತಾನೆ. ಹೊಸ ಹಲಗೆ ತರುತ್ತಾನೆ. ಅದರ ಮೇಲೂ ಅದೇ ಸ್ಥಳದಲ್ಲಿ ಬೀಳುತ್ತಾನೆ. ಆದರೆ ಇವನ ದೂರಿನಲ್ಲಿ ಒಂದಂಶ ಸತ್ಯವಿದೆಯೆಂಬುದನ್ನು ಒಪ್ಪಲೇಬೇಕು. ಕಲಿಯುವವನಿಗೆ ಅತಿ ಚಿಕ್ಕ ಹಲಗೆಯೂ ಅತಿ ದೊಡ್ಡ ಹಾಯಿಯೂ ಹಿತವಲ್ಲ. ತಪ್ಪು ಹೆಜ್ಜೆಯನ್ನು ಸಹಿಸಿಕೊಳ್ಳುವಷ್ಟು ತೇಲುವ ಹಲಗೆ, ಸುಲಭವಾಗಿ ತಿರುಗುವಷ್ಟು ಚಿಕ್ಕದಾದ ಹಾಯಿ ಇದ್ದರೆ ವಿದ್ಯೆ ಬೇಗ ಒಲಿಯುತ್ತದೆ.

ಬಿದ್ದರೆ ಆಗುವ ನಷ್ಟವೇನು ಎಂದು ಕೇಳಬಹುದು. ನೀರು ಮೃದುವಲ್ಲವೆ? ಹೌದು, ಆದರೆ ಬಿದ್ದವನು ಹಾಯಿಯನ್ನು ನೀರಿನಿಂದ ಬಿಡಿಸಿ, ಗಾಳಿಗೆ ಒಡ್ಡಿ, ಅದರ ಬಲದಿಂದಲೇ ಮತ್ತೆ ಹಲಗೆಯ ಮೇಲೇರಬೇಕು. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಸಲ ಹಾಗೆ ಏಳುವಷ್ಟರಲ್ಲಿ ತೋಳುಗಳ ಕಸುವು ಬತ್ತಿಹೋಗುತ್ತದೆ. ಕೊಲಂಬಿಯಾದಲ್ಲಿ ಧಾನ್ಯ ಮೊದಲಾದ ಸರಕುಗಳನ್ನು ಹೊತ್ತ ದೊಡ್ಡ ದೋಣಿಗಳು ನದಿಯ ನಡುವೆ ಹೋಗಿಬರುತ್ತಿರುತ್ತವೆ. ಅವು ತಟ್ಟನೆ ನಿಲ್ಲಲಾರವು, ತಟ್ಟನೆ ತಿರುಗಲಾರವು. ಅವುಗಳ ದಾರಿಯಲ್ಲಿ ದಣಿದು ತೇಲುವುದು ಆಟವಲ್ಲ. ದಣಿವಿನೊಡನೆ ಅಧೈರ್ಯವೂ ಬರುತ್ತದೆ. ಅಧೈರ್ಯ ಬಂದ ಮೇಲೆ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಮತ್ತೆ ಬೀಳುವುದು ನಿಶ್ಚಯ. ಈ ವಿಷಚಕ್ರವನ್ನು ಮುರಿಯದೆ ಆಟವನ್ನೇ ಬಿಟ್ಟವರೂ ಇದ್ದಾರೆ.

ಅಭ್ಯಾಸದ ದಾರಿ

ಮುರಿಯುವ ಉಪಾಯವಿದೆ; ಅದು ನೀರಿನಲ್ಲಿಯಲ್ಲ, ನೆಲದ ಮೇಲೆ ಆರಂಭವಾಗುತ್ತದೆ. ಹುಲ್ಲಿನ ಮೇಲೋ ಮರಳಿನ ಮೇಲೋ ಕೂವೆಮರದ ಬುಡವನ್ನು ಊರಿ, ಮೆಲುಗಾಳಿಯಲ್ಲಿ ಹಾಯಿಯನ್ನು ಹಿಡಿದು ನಿಂತು, ಕೈ ಬದಲಿಸುವುದನ್ನು ಮತ್ತೆ ಮತ್ತೆ ಮಾಡಬೇಕು. ಯಾವ ಕೈ ಎಲ್ಲಿ ಬಿಡಬೇಕು, ಯಾವ ಕೈ ಎಲ್ಲಿ ಹಿಡಿಯಬೇಕು ಎಂಬುದು ಯೋಚನೆಯಿಂದ ಇಳಿದು ಸ್ನಾಯುಗಳಿಗೆ ಸೇರಬೇಕು. ನೀರಿನ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಪಾದ ಬದಲಿಸುವುದನ್ನೂ ಹೀಗೆಯೇ, ನೆಲದ ಮೇಲೆ ಒಂದು ಗೆರೆ ಎಳೆದುಕೊಂಡು ಸಾಧಿಸಬಹುದು.

ಎರಡನೆಯ ಹಂತ ಮೆಲುಗಾಳಿಯ ದಿನಗಳದು. ಬಿರುಗಾಳಿಯನ್ನು ಕಾಯುತ್ತ ದಡದಲ್ಲಿ ಕೂತಿರುವವರಿಗಿಂತ, ದೊಡ್ಡ ಹಲಗೆಯೊಂದನ್ನು ತೆಗೆದುಕೊಂಡು ಮಂದ ಗಾಳಿಯಲ್ಲಿ ಸಾವಕಾಶವಾಗಿ ತಿರುಗುತ್ತಿರುವವರು ಬೇಗ ಮುಂದೆ ಬರುತ್ತಾರೆ. ಗಾಳಿಯ ದಿನ ಒಂದು ಗಂಟೆಯಲ್ಲಿ ಸಿಕ್ಕುವಷ್ಟು ತಿರುವುಗಳು ಇಲ್ಲಿ ಕೆಲವೇ ನಿಮಿಷಗಳಲ್ಲಿ ಸಿಕ್ಕುತ್ತವೆ.

ಮೂರನೆಯ ಹಂತ ಅರ್ಧ ತಿರುವಿನದು. ಗಾಳಿಯ ದಿನ ಪೂರ್ಣ ವೇಗದಲ್ಲಿ ತಿರುವಿಗೆ ಹೊಕ್ಕು, ಪಾದವನ್ನು ಅಂಚಿಗಿಟ್ಟು, ಕಮಾನನ್ನು ಬರೆಯುವುದಷ್ಟೇ ಗುರಿ. ಹಾಯಿಯನ್ನು ತಿರುಗಿಸುವ ಗೊಡವೆಯೇ ಬೇಡ. ಕೊನೆಗೆ ಬಿದ್ದರೂ ಚಿಂತೆಯಿಲ್ಲ. ಹೀಗೆ ಮಾಡುವುದರಿಂದ ವೇಗದ ಭಯ ಹಾಯಿಯ ಭಯದಿಂದ ಬೇರೆಯಾಗುತ್ತದೆ. ಎರಡು ಭಯಗಳನ್ನು ಒಟ್ಟಿಗೆ ಗೆಲ್ಲಲು ಹೊರಟವನು ಎರಡಕ್ಕೂ ಸೋಲುತ್ತಾನೆ. ಒಂದೊಂದಾಗಿ ಎದುರಿಸಿದವನಿಗೆ ಎರಡೂ ಮಣಿಯುತ್ತವೆ.

ಪ್ರತಿ ದಿನಕ್ಕೂ ಒಂದೇ ಪಾಠ ಇರತಕ್ಕದ್ದು. ಈ ದಿನ ಮೊಣಕಾಲು, ನಾಳೆ ಕಣ್ಣು, ನಾಡಿದ್ದು ಹಿಂದಿನ ಕೈ. ಎಲ್ಲವನ್ನೂ ಒಮ್ಮೆಗೇ ನೆನೆಯುವವನು ಒಂದನ್ನೂ ಮಾಡಲಾರ. ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಬೇಕು. ಬರೆಯುವ ಕೈ ಒಂದೇ ಇರುವಂತೆ ಹಲವರಿಗೆ ಒಲಿದ ಪಕ್ಕವೂ ಒಂದೇ ಇರುತ್ತದೆ. ಒಲಿಯದ ಪಕ್ಕವನ್ನು ದೂರವಿಟ್ಟರೆ ಅದು ಎಂದಿಗೂ ಒಲಿಯುವುದಿಲ್ಲ. ಇಂದಿನವರಿಗೆ ಇನ್ನೊಂದು ಅನುಕೂಲವಿದೆ. ದಡದಲ್ಲಿ ನಿಂತ ಗೆಳೆಯನು ಮೊಬೈಲಿನಲ್ಲಿ ತೆಗೆದ ಚಲನಚಿತ್ರವನ್ನು ನಿಧಾನಗತಿಯಲ್ಲಿ ನೋಡಿದರೆ, ಮೊಣಕಾಲನ್ನು ಚೆನ್ನಾಗಿ ಮಡಿಸಿದ್ದೆನೆಂದು ನಂಬಿದವನು ಕೋಲಿನಂತೆ ನಿಂತಿರುವುದು ಕಾಣುತ್ತದೆ. ಇಂತಹ ಕನ್ನಡಿ ಮೊದಲಿನ ತಲೆಮಾರಿನವರಿಗೆ ಇರಲಿಲ್ಲ.

ಅಭ್ಯಾಸಕ್ಕೆ ವಯಸ್ಸಿನ ಕಟ್ಟಳೆಯಿಲ್ಲ. ಹವಾಯಿಯ ರಾಬಿ ನೇಯ್ಷ್ 1976ರಲ್ಲಿ ತನ್ನ ಹದಿಮೂರನೆಯ ವಯಸ್ಸಿನಲ್ಲಿಯೇ ವಿಶ್ವವಿಜೇತನಾದುದು ನಿಜ. ಹಾಗೆಂದು ಈ ವಿದ್ಯೆ ಬಾಲಪ್ರತಿಭೆಗಳ ಸೊತ್ತಲ್ಲ. ನಡುವಯಸ್ಸು ದಾಟಿದ ಮೇಲೆ, ಕಚೇರಿಯ ಕೆಲಸದಿಂದ ಬಿಡುವು ಸಿಕ್ಕಿದಾಗಲೆಲ್ಲ ನೀರಿಗಿಳಿದು ಜೈಬನ್ನು ಸಾಧಿಸಿಕೊಂಡವರು ಅನೇಕರಿದ್ದಾರೆ. ಇದು ಬಲದ ಕೆಲಸವಲ್ಲ, ಹದದ ಕೆಲಸ.

ನೀರು ಮುಟ್ಟದ ತಿರುವು

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪುರುಷರಿಗಾಗಿ ಈ ಆಟಕ್ಕೆ ಸ್ಥಾನ ದೊರೆಯಿತು. ನೆದರ್ಲೆಂಡಿನ ಸ್ಟೆಫನ್ ವಾನ್ ಡೆನ್ ಬರ್ಗ್ ಮೊದಲ ಚಿನ್ನವನ್ನು ಗೆದ್ದನು. 1992ರ ಬಾರ್ಸಿಲೋನಾದಲ್ಲಿ ಮಹಿಳೆಯರ ಸ್ಪರ್ಧೆಯೂ ಸೇರಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಹಾಯಿ ಸ್ಪರ್ಧೆಗಳು ಮಾರ್ಸೇಲ್ಸಿನ ಕಡಲಿನಲ್ಲಿ ನಡೆದಾಗ ನೋಡುವವರಿಗೆ ಹೊಸದೊಂದು ವಿಸ್ಮಯ ಕಾದಿತ್ತು. ಹಲಗೆಗಳು ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಹಲಗೆಯ ಅಡಿಯಲ್ಲಿ ಒಂದು ನೀಳವಾದ ಕಂಬ, ಅದರ ತುದಿಯಲ್ಲಿ ವಿಮಾನದ ರೆಕ್ಕೆಯಂತಹ ‘ಫಾಯಿಲ್’. ವೇಗ ಬಂದೊಡನೆ ಆ ರೆಕ್ಕೆ ನೀರೊಳಗಿನಿಂದಲೇ ಹಲಗೆಯನ್ನು ಮೇಲೆತ್ತುತ್ತದೆ. ಸವಾರನು ಗಾಳಿಯಲ್ಲಿ ತೇಲುತ್ತಾನೆ. ಅಲ್ಲಿ ಚಿನ್ನ ಗೆದ್ದವರು ಇಟಲಿಯ ಮಾರ್ತಾ ಮಜೆಟ್ಟಿ ಮತ್ತು ಇಸ್ರೇಲಿನ ಟಾಮ್ ರೂವೇನಿ.

ಸಲಕರಣೆ ಬದಲಾದರೂ ತಿರುವಿನ ನಿಯಮ ಬದಲಾಗಲಿಲ್ಲ. ತಿರುವಿನ ನಡುವೆ ವೇಗ ತಗ್ಗಿದರೆ ರೆಕ್ಕೆಗೆ ಎತ್ತುವ ಬಲ ಉಳಿಯದೆ ಹಲಗೆ ನೀರಿಗೆ ಕುಸಿಯುತ್ತದೆ. ಕುಸಿದವನನ್ನು ಹಿಂದಿನವರು ದಾಟಿಹೋಗುತ್ತಾರೆ. ಭಾರವಾದ ಒಂದು ಹೆಜ್ಜೆ ಸಾಕು, ಹಲಗೆ ಲಾಗ ಹಾಕುತ್ತದೆ. ಹಳೆಯ ಹಲಗೆ ಕ್ಷಮಿಸುತ್ತಿದ್ದ ತಪ್ಪುಗಳನ್ನು ಇದು ಕ್ಷಮಿಸದು. ವೇಗವನ್ನು ಉಳಿಸಿಕೋ, ಹಗುರವಾಗಿ ಹೆಜ್ಜೆಯಿಡು, ಹೋಗಬೇಕಾದ ಕಡೆ ನೋಡು ಎಂಬ ಮೂರು ಸೂತ್ರಗಳು ನದಿಯಲ್ಲಿ ಕಲಿಯುವವನಿಗೂ ಒಲಿಂಪಿಕ್ ಪದಕದ ಆಕಾಂಕ್ಷಿಗೂ ಸಮಾನ.

ಮೊದಲ ಬಾರಿ ಜೈಬ್ ಕೈಗೂಡಿದ ದಿನ ಸವಾರನಿಗೆ ಅದು ಹೇಗೆ ಆಯಿತೆಂದೇ ತಿಳಿಯುವುದಿಲ್ಲ. ಹಾಯಿ ಹಗುರವಾಯಿತು, ಹೇಗೋ ಸುತ್ತಿತು, ಕಣ್ಣು ಬಿಡುವಷ್ಟರಲ್ಲಿ ಹಲಗೆ ಮರಳಿ ಓಡುತ್ತಿತ್ತು ಎನ್ನುವುದರ ಹೊರತು ಹೇಳಲು ಅವನಲ್ಲಿ ಬೇರೆ ಮಾತಿರುವುದಿಲ್ಲ. ಮರುದಿನ ಅದು ಮತ್ತೆ ಕೈಕೊಡುವುದೂ ಉಂಟು. ಆದರೆ ಗಾಳಿಯನ್ನು ಅಂಜಿ ಓಡಿದವನಿಗೆ ಅದು ಬೆನ್ನಟ್ಟಿ ಬಡಿಯುವ ವೈರಿಯೆಂದೂ, ಅದರೊಡನೆ ಸರಿಸಮನಾಗಿ ಓಡಿದವನಿಗೆ ಅದು ಇಲ್ಲವೇ ಇಲ್ಲವೆಂದೂ ಅವನ ಮೈಗೆ ಒಮ್ಮೆ ತಿಳಿದುಹೋಗಿರುತ್ತದೆ. ಮೈ ಕಲಿತ ಪಾಠ ಬೇಗ ಮರೆಯುವುದಿಲ್ಲ. ಮುಂದಿನ ಗಾಳಿಗೆ ಅವನು ಮತ್ತೆ ದಡದಲ್ಲಿ ಹಾಜರಾಗಿರುತ್ತಾನೆ.